ಓದುಗರ ಪ್ರಶ್ನೆ: ಯುದ್ಧನೌಕೆಯ ಕ್ಯಾಪ್ಟನ್‌ಗೆ ಎಷ್ಟು ಅಧಿಕಾರವಿತ್ತು?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಯುದ್ಧನೌಕೆಗಳ ಕ್ಯಾಪ್ಟನ್‌ಗಳು ಮೇಲಿನವರ ಆಜ್ಞೆಯನ್ನು ಕಣ್ಣುಮುಚ್ಚಿ ಪಾಲಿಸುತ್ತಿದ್ದರೆಂದು ಓದಿದ್ದೇನೆ. ಸ್ವಂತ ತೀರ್ಮಾನಕ್ಕೆ ಅವರಿಗೆ ಎಡೆಯೇ ಇರಲಿಲ್ಲವೆ?

ಉತ್ತರ: ಎಡೆ ಇತ್ತು, ಆದರೆ ಅದು ಕೆಲವು ನಿಮಿಷಗಳಷ್ಟು ಕಿರಿದಾಗಿತ್ತು. ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಜೊತೆ ಹೊರಡಬೇಕೆಂಬುದು ಮೇಲಿನಿಂದ ಬರುತ್ತಿತ್ತು. ಶತ್ರು ಕಣ್ಣಿಗೆ ಬಿದ್ದ ಮೇಲೆ ಚುಕ್ಕಾಣಿ ಎತ್ತ ತಿರುಗಬೇಕು, ಟಾರ್ಪಿಡೊ (ನೀರಿನೊಳಗೆ ಓಡಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಯಾವ ಕ್ಷಣದಲ್ಲಿ ಹೊರಡಬೇಕು ಎಂಬುದು ಹಡಗು ನಡೆಸುವ ಕಟ್ಟೆಯಾದ ಬ್ರಿಜ್‌ನಲ್ಲಿ ನಿಂತ ಕ್ಯಾಪ್ಟನ್‌ಗೆ ಸೇರಿದ್ದಾಗಿತ್ತು.

ಇದನ್ನು ಅರಿಯಲು ಜಪಾನಿನ ನೌಕಾಧಿಕಾರಿ ತಮೆಯಿಚಿ ಹರಾ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 1921ರಲ್ಲಿ ಎತಾಜಿಮಾದ ನೌಕಾ ಅಕಾಡೆಮಿಯಿಂದ ಹೊರಬಂದ ಅವರು ಟಾರ್ಪಿಡೊ ತಜ್ಞರಾಗಿ ಹೆಸರಾದವರು. ಜಪಾನಿನ 61 ಸೆಂಟಿಮೀಟರ್ ವ್ಯಾಸದ ಟಾರ್ಪಿಡೊ ಆಮ್ಲಜನಕದಿಂದ ಓಡುತ್ತಿದ್ದುದರಿಂದ ನೀರಿನ ಮೇಲೆ ಗುಳ್ಳೆಗಳ ಜಾಡು ಕಾಣುವುದೇ ಅಪರೂಪವಾಗಿತ್ತು. ಹೀಗಾಗಿ ರಾತ್ರಿಯ ಕಾಳಗದಲ್ಲಿ ದೂರವನ್ನೂ ಕೋನವನ್ನೂ ಕಣ್ಣಳತೆಯಲ್ಲೇ ಅಂದಾಜಿಸಬಲ್ಲ ಕ್ಯಾಪ್ಟನ್‌ಗೆ ಅದು ಭಯಂಕರ ಅಸ್ತ್ರವಾಗಿತ್ತು. 1942ರ ನವೆಂಬರ್ 13ರ ನಡುರಾತ್ರಿ ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಬಳಿ ಎರಡೂ ಕಡೆಯ ಹಡಗುಗಳು ಒಂದರೊಳಗೊಂದು ನುಗ್ಗಿಹೋದಾಗ ಹರಾ ಅವರ ಡೆಸ್ಟ್ರಾಯರ್ (ಚಿಕ್ಕ, ವೇಗದ ಯುದ್ಧನೌಕೆ) ಅಮಾತ್ಸುಕಾಜೆ ಬಿಟ್ಟ ಟಾರ್ಪಿಡೊಗಳು ಅಮೆರಿಕದ ಬಾರ್ಟನ್ ಎಂಬ ಡೆಸ್ಟ್ರಾಯರನ್ನು ಎರಡು ತುಂಡು ಮಾಡಿ ಮುಳುಗಿಸಿದವು. ಅದೇ ರಾತ್ರಿ ಶತ್ರುವಿನ ಕ್ರೂಸರ್ (ಡೆಸ್ಟ್ರಾಯರಿಗಿಂತ ದೊಡ್ಡ ಯುದ್ಧನೌಕೆ) ಒಂದನ್ನು ಗುರುತಿಸಲು ಹರಾ ಸರ್ಚ್‌ಲೈಟ್ ಹಾಕಿಸಿದರು. ಕಾಳಗದ ಭರದಲ್ಲಿ ಅದನ್ನು ಆರಿಸುವ ಆಜ್ಞೆ ಕೊಡುವುದು ತಡವಾಯಿತು. ಆ ಬೆಳಕನ್ನೇ ಗುರಿಯಾಗಿಟ್ಟುಕೊಂಡು ಅಮೆರಿಕದ ಹೆಲೆನಾ ಎಂಬ ಕ್ರೂಸರ್ ಗುಂಡಿನ ಮಳೆಗರೆಯಿತು. ಅಮಾತ್ಸುಕಾಜೆಯ 43 ಮಂದಿ ಸತ್ತರು, ಚುಕ್ಕಾಣಿಯ ಯಂತ್ರ ಕೆಟ್ಟಿತು, ಹಡಗನ್ನು ಕೈಬಲದಿಂದ ತಿರುಗಿಸಿಕೊಂಡು ಹಿಂದಿರುಗಬೇಕಾಯಿತು. ಆ ಸಾವುಗಳ ಹೊಣೆಯನ್ನು ಹರಾ ಬೇರೆ ಯಾರ ಮೇಲೂ ಹೊರಿಸಲಿಲ್ಲ.

ಮರುವರ್ಷದ ಆಗಸ್ಟ್‌ನಲ್ಲಿ ಸೊಲೊಮನ್ ದ್ವೀಪಗಳ ವೆಲ್ಲಾ ಕೊಲ್ಲಿಯಲ್ಲಿ ನಡೆದದ್ದು ಬೇರೆ ಬಗೆಯದು. ಜಪಾನಿನ ನಾಲ್ಕು ಡೆಸ್ಟ್ರಾಯರುಗಳು ಹಿಂದೆ ಹೋಗಿದ್ದ ದಾರಿಯಲ್ಲೇ ಮತ್ತೆ ಹೊರಟಿದ್ದವು. ಅದು ಅಪಾಯವೆಂಬ ಹರಾ ಅವರ ಆಕ್ಷೇಪಕ್ಕೆ ಬೆಲೆ ಸಿಗಲಿಲ್ಲ. ರಾಡಾರ್ ಇದ್ದ ಅಮೆರಿಕದ ಡೆಸ್ಟ್ರಾಯರುಗಳು ಕತ್ತಲಲ್ಲಿ ಹೊಂಚುಹಾಕಿ ಬಿಟ್ಟ ಟಾರ್ಪಿಡೊಗಳಿಗೆ ಮುಂದಿದ್ದ ಮೂರೂ ಬಲಿಯಾದವು. ಸವೆದ ಎಂಜಿನ್‌ನಿಂದಾಗಿ ಹಿಂದುಳಿದಿದ್ದ ಹರಾ ಅವರ ಶಿಗುರೆ ಮಾತ್ರ ಉಳಿಯಿತು. ಆಮೇಲೆ ನೋಡಿದರೆ ಅದರ ಚುಕ್ಕಾಣಿಯ ಹಲಗೆಯಲ್ಲೂ ಒಂದು ತೂತು: ಟಾರ್ಪಿಡೊ ಸಿಡಿಯದೆ ತೂರಿಹೋಗಿತ್ತು. ದಾರಿಯನ್ನು ಬದಲಿಸುವ ಅಧಿಕಾರ ಆ ಹಡಗುಗಳ ಯಾವ ಕ್ಯಾಪ್ಟನ್‌ಗೂ ಇರಲಿಲ್ಲವೆಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ.

ಪ್ರಶ್ನೆ: ಹಡಗು ಮುಳುಗಿದರೆ ಕ್ಯಾಪ್ಟನ್ ಕೂಡ ಸಾಯಲೇಬೇಕೆಂಬ ನಿಯಮವಿತ್ತೆ?

ಉತ್ತರ: ಸಂಪ್ರದಾಯದ ಒತ್ತಡ ಪ್ರಬಲವಾಗಿತ್ತು. 1942ರ ಮಿಡ್‌ವೇ ಕಾಳಗದಲ್ಲಿ ಸೋರ್ಯು, ಹಿರ್ಯು ಎಂಬ ವಿಮಾನವಾಹಕ ನೌಕೆಗಳ ಕ್ಯಾಪ್ಟನ್‌ಗಳಾದ ಯಾನಗಿಮೊತೊ, ಕಾಕು ತಮ್ಮ ಹಡಗುಗಳನ್ನು ಬಿಟ್ಟು ಬರಲಿಲ್ಲ. ಹಿಯೇ ಯುದ್ಧನೌಕೆಯನ್ನು ಕಳೆದುಕೊಂಡೂ ಬದುಕಿ ಬಂದ ಕ್ಯಾಪ್ಟನ್ ನಿಶಿದಾ ಅವರನ್ನು ಸಕ್ರಿಯ ಸೇವೆಯಿಂದಲೇ ಸರಿಸಲಾಯಿತು. ವರ್ಷಗಟ್ಟಲೆ ತರಬೇತಿ ಪಡೆದ ನಾವಿಕನನ್ನು ಹೀಗೆ ಕಳೆದುಕೊಂಡದ್ದು ಆ ನೌಕಾಪಡೆ ತನಗೆ ತಾನೇ ಮಾಡಿಕೊಂಡ ಹಾನಿಯೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಯಮಾತೊ ಯುದ್ಧನೌಕೆಯ ಕೊನೆಯ ಯಾತ್ರೆಯನ್ನು ಯಾರೂ ವಿರೋಧಿಸಲಿಲ್ಲವೆ?

ಉತ್ತರ: ವಿರೋಧಿಸಿದರು. ವಿಮಾನಗಳ ರಕ್ಷಣೆಯಿಲ್ಲದೆ ಓಕಿನಾವಾಕ್ಕೆ ಹೋಗುವ ಯೋಜನೆಯನ್ನು ಪಡೆಯ ಮುಖ್ಯಸ್ಥ ಇತೊ ಅವರೇ ಒಪ್ಪಿರಲಿಲ್ಲ, ಹಲವು ಕ್ಯಾಪ್ಟನ್‌ಗಳೂ ಒಪ್ಪಿರಲಿಲ್ಲ. ಆದರೆ ನೌಕಾಪಡೆಯ ಕೇಂದ್ರದಿಂದ ಬಂದ ಹಿರಿಯ ಅಧಿಕಾರಿ ಕುಸಾಕಾ ಅವರ ಒತ್ತಾಯಕ್ಕೆ ಕೊನೆಗೆ ಎಲ್ಲರೂ ಮಣಿದರು. ಹೊರಡುವ ಮುನ್ನ, ಆಗತಾನೆ ಅಕಾಡೆಮಿಯಿಂದ ಬಂದಿದ್ದ ಕೆಡೆಟ್‌ಗಳನ್ನು ದಡಕ್ಕಿಳಿಸಿದರು. 1945ರ ಏಪ್ರಿಲ್ 7ರಂದು, ಯಮಾತೊ ಜೊತೆಗೆ ಹೊರಟಿದ್ದ ಹರಾ ಅವರ ಕ್ರೂಸರ್ ಯಾಹಾಗಿ ಅಮೆರಿಕದ ವಿಮಾನಗಳ ದಾಳಿಗೆ ಸಿಕ್ಕಿ ಮಧ್ಯಾಹ್ನ ಎರಡರ ಸುಮಾರಿಗೆ ಮುಳುಗಿತು. ಯಮಾತೊ ಅದರ ಬೆನ್ನಿಗೇ ಮುಳುಗಿತು. ಕಾರ್ಯಾಚರಣೆಯನ್ನು ರದ್ದುಗೊಳಿಸಿ, ಉಳಿದ ಡೆಸ್ಟ್ರಾಯರುಗಳು ನೀರಿನಲ್ಲಿರುವವರನ್ನು ಎತ್ತಿಕೊಳ್ಳಲಿ ಎಂದು ಇತೊ ಅವರು ಸಾಯುವ ಮುನ್ನ ಆಜ್ಞೆ ಕೊಟ್ಟಿದ್ದರಿಂದಲೇ ಹರಾ ಅವರಂಥ ನೂರಾರು ಮಂದಿ ಊರು ಸೇರಿದರು.