‘ನೋಡೋಣ’ ಅಂದರೆ ಏನರ್ಥ?

(ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರ, ಸಂಕ್ಷಿಪ್ತವಾಗಿ: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 28 ಜನ ಇದ್ದೇವೆ. ಅಕ್ಟೋಬರಿನಲ್ಲಿ ಒಂದು ಸಂಜೆ ಹೆಗ್ಗೋಡಿಗೆ ಹೋಗಿ ನಾಟಕ ನೋಡಿಕೊಂಡು ಬರಬೇಕು ಅಂತ ಆಸೆ. ವಾಪಸ್ ಊರು ಸೇರುವಾಗ ರಾತ್ರಿ ಹನ್ನೆರಡಾಗಬಹುದು. ದೇವಸ್ಥಾನದ ಊರ ಸಭೆಯಲ್ಲಿ ವಿಷಯ ಎತ್ತಿದೆ. ಒಬ್ಬರು ‘ಮನೇಲಿ ಟೀವಿ ಇಲ್ವಾ?’ ಅಂದರು. ಇನ್ನೊಬ್ಬರು ‘ಸರ್ಕಾರಿ ಬಸ್ಸು ಫ್ರೀ ಇರುವಾಗ ದುಡ್ಡು ಕೊಟ್ಟು ಬಸ್ಸು ಯಾಕೆ?’ ಅಂದರು. ಮತ್ತೊಬ್ಬರು ಊರಿನ ಮಾನದ ಮಾತಾಡಿದರು. ಕೊನೆಗೆ ಊರ ಯಜಮಾನರು ‘ನೋಡೋಣ’ ಅಂದು ಎದ್ದುಬಿಟ್ಟರು. ತಿಂಗಳಾಯಿತು. ನಿಮ್ಮ ಪತ್ರಿಕೆಯ ಲೆಟರ್‌ಹೆಡ್ಡಿನಲ್ಲಿ ಅವರಿಗೆ ಒಂದು ಪತ್ರ ಬರೆದು ಕೊಡುತ್ತೀರಾ? ನನ್ನ ಹೆಸರು ಹಾಕಬೇಡಿ.)

ನಮಸ್ಕಾರ.

ಮೊದಲು ಲೆಟರ್‌ಹೆಡ್ಡಿನ ವಿಷಯ ಮುಗಿಸಿಬಿಡುತ್ತೇನೆ. ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಶಿವಮೊಗ್ಗದಿಂದ ಸೀಲು ಹೊಡೆದ ಕಾಗದ ನಿಮ್ಮೂರ ಯಜಮಾನರ ಜಗಲಿಗೆ ಬಂತು ಅನ್ನಿ. ಎರಡು ಸಲ ಓದುತ್ತಾರೆ. ಮಡಿಚಿ ಕನ್ನಡಕದ ಡಬ್ಬಿಯ ಕೆಳಗೆ ಇಡುತ್ತಾರೆ. ಅಲ್ಲಿಂದ ಮುಂದೆ ನಾಟಕದ ಮಾತೇ ಇರುವುದಿಲ್ಲ. ‘ಪೇಪರಿನವರಿಗೆ ನಮ್ಮ ಮೇಲೆ ಹೇಳಿದಾಳೆ’ ಅನ್ನೋದು ಮಾತ್ರ ಉಳಿಯುತ್ತದೆ.

ಇನ್ನು ‘ನೋಡೋಣ’. ನಮ್ಮ ಮಲೆನಾಡಿನಲ್ಲಿ ಮುಖದ ಮೇಲೆ ‘ಇಲ್ಲ’ ಅನ್ನುವವರು ಕಮ್ಮಿ. ಕವಳದ ತಟ್ಟೆ ಮುಂದಿಟ್ಟುಕೊಂಡು ‘ನೋಡೋಣ’ ಅಂದು, ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರೆ ಮಾತು ಇನ್ನೂ ಇದೆ ಅಂತ. ಅಂದವರು ಎದ್ದು ಬಾಯಿ ತೊಳೆಯೋಕೆ ಹೋದರೆ ಮುಗೀತು ಅಂತ. ನಿಮ್ಮವರು ಎದ್ದರು ಅಂತ ಬರೆದಿದ್ದೀರಿ. ಆದರೆ ಅದು ಸಭೆ. ಅಲ್ಲಿ ಎದ್ದಿದ್ದನ್ನು ನಾನು ಅಷ್ಟು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಎಡವಿದ್ದು ಅಲ್ಲೇ, ಸಭೆಯಲ್ಲಿ ಎತ್ತಿದ್ದು. ಹತ್ತು ಜನರ ಎದುರು ಮೊದಲು ‘ಹೂಂ’ ಅನ್ನೋಕೆ ಯಾರೂ ತಯಾರಿರುವುದಿಲ್ಲ. ನಾಳೆ ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೂ ‘ಹೂಂ ಅಂದವನು ಯಾರು?’ ಅಂತ ಕೇಳುತ್ತಾರಲ್ವಾ. ‘ಬೇಡ’ ಅಂದವನನ್ನು ಯಾರೂ ಏನೂ ಕೇಳುವುದಿಲ್ಲ.

ಅವರ ಪರ್ಮಿಷನ್ ಯಾಕೆ ಬೇಕು ಅಂತ ನಮ್ಮ ಆಫೀಸಿನ ಹುಡುಗಿಯೊಬ್ಬಳು ನಿಮ್ಮ ಪತ್ರ ಓದಿ ಸಿಟ್ಟಾದಳು. ಅವಳ ಮಾತು ಸರಿ. ಸ್ವಂತ ದುಡ್ಡಲ್ಲಿ ನಾಟಕಕ್ಕೆ ಹೋಗೋಕೆ ಯಾರ ಒಪ್ಪಿಗೆಯೂ ಬೇಡ. ನೀವೊಬ್ಬರೇ ಹೊರಟಿದ್ದರೆ ನಾನೂ ಸುಮ್ನೆ ಹೋಗಿಬನ್ನಿ ಅನ್ನುತ್ತಿದ್ದೆ. ಆದರೆ ನಿಮ್ಮ 28 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮನೆಯಲ್ಲಿ ‘ಯಜಮಾನರು ಏನಂದರು?’ ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಅವರ ಹತ್ತಿರ ಒಂದು ಉತ್ತರ ಇರಬೇಕು. ಈ ಕಸರತ್ತು ಅಷ್ಟಕ್ಕೇ.

ತಕರಾರು ರಾತ್ರಿಯದ್ದು ಅಂತ ನೀವು ತಿಳಿದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ ಇದ್ದರೆ ಇದೇ ಹೆಂಗಸರು ಚಾಪೆ, ಕಂಬಳಿ ತಗೊಂಡು ಹೋಗಿ ಬೆಳಗಾಗುವವರೆಗೆ ಕೂರುತ್ತಾರೆ. ಸಾಗರದ ಮಾರಿಜಾತ್ರೆ 3 ವರ್ಷಕ್ಕೊಮ್ಮೆ ಬರುತ್ತದೆ. ಆಗ ಎಷ್ಟು ಹೊತ್ತಿಗೆ ಮನೆಗೆ ಬಂದಿರಿ ಅಂತ ಗಡಿಯಾರ ನೋಡಿದವರು ಉಂಟಾ?

ನನ್ನ ಅಂದಾಜು ಹೇಳಲಾ? ಹಾಲು ಮತ್ತು ಅಡಿಕೆ.

ಏಳು ಗಂಟೆಗೆ ನಾಟಕ ಅಂದರೆ ನೀವು ನಾಲ್ಕಕ್ಕಾದರೂ ಹೊರಡಬೇಕು. ಸಂಜೆ ಹಾಲು ಕರೆಯುವವರು ಯಾರು? ಕೆಲವು ದನ ಬೇರೆ ಕೈ ಮುಟ್ಟಿದರೆ ಸೊರ ಬಿಡುವುದಿಲ್ಲ, ಒದೆಯುತ್ತವೆ. 28 ಮನೆಯ ಹಾಲು ಒಂದು ಸಂಜೆ ಡೈರಿಗೆ ಬರದಿದ್ದರೆ ಡೈರಿ ಸೆಕ್ರೆಟರಿಗೂ ತಲೆಬಿಸಿ. ಇನ್ನು ಅಕ್ಟೋಬರ್ ಅಂದರೆ ಕೊಯ್ಲು ಶುರುವಾಗೋ ಕಾಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನವೇ ಕೊಯ್ಲು, ನಾವು ಹೇಳಿದ ದಿನ ಅಲ್ಲ. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಸುಲಿದು ಬೇಯಿಸಲೇಬೇಕು. ಮೆಟ್ಟುಗತ್ತಿ ಮುಂದೆ ರಾತ್ರಿಯವರೆಗೆ ಕೂರುವವರು ಯಾರು? ನಿಮ್ಮ ಸಂಘದವರೇ ಅಲ್ವಾ? ‘ಆ ದಿನ ನಮ್ಮನೆಗೆ ಸುಲಿಯೋಕೆ ಜನ ಇರೋದಿಲ್ಲ’ ಅಂತ ಒಬ್ಬ ದೊಡ್ಡ ಮನುಷ್ಯ ದೇವಸ್ಥಾನದಲ್ಲಿ ಕೂತು ಹೇಳೋಕಾಗುತ್ತಾ? ಅದಕ್ಕೇ ಊರಿನ ಮಾನ ಅಂತಾರೆ, ಟೀವಿ ಅಂತಾರೆ.

ಹಾಗಾಗಿ ಒಬ್ಬೊಬ್ಬರ ಮನೆಗೇ ಹೋಗಿ. ಯಜಮಾನರ ಮನೆಗೆ ಹೋಗುವಾಗ ಹಿತ್ತಿಲ ಕಡೆಯಿಂದ ಹೋಗಿ, ಮೊದಲು ಒಳಗಿನವರ ಹತ್ತಿರ ಮಾತಾಡಿ. ಅವರ ಹೆಸರು ನಿಮ್ಮ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಇವತ್ತೇ ಕೇಳಿ. ಆಮೇಲೆ ಜಗಲಿಗೆ ಬಂದು ಯಜಮಾನರನ್ನು ಒಂದೇ ಮಾತು ಕೇಳಿ: ‘ನಿಮ್ಮನೆ ಕೊಯ್ಲು ಯಾವಾಗ ಇಟ್ಕೊಂಡಿದೀರಿ? ಅದು ಬಿಟ್ಟು ದಿನ ಹಿಡಿತೀವಿ.’ ‘ಹೋಗಬಹುದಾ’ ಅನ್ನೋದು ಬಾಯಿಗೆ ಬರುವುದೇ ಬೇಡ. ಅವರು ಒಂದು ದಿನ ಹೇಳಿದರು ಅಂದರೆ ಅಲ್ಲಿಗೆ ಹೂಂ ಅಂದ ಹಾಗೇ ಆಯಿತು. ಅವರಿಗೂ ಹೂಂ ಅಂದೆ ಅಂತ ಅನ್ನಿಸುವುದಿಲ್ಲ. ಹಾಲಿನದ್ದು ಡೈರಿ ಸೆಕ್ರೆಟರಿ ಹತ್ತಿರ ಮಾತಾಡಿ. ಆ ಒಂದು ದಿನ ಸಂಜೆ ಸ್ವಲ್ಪ ಬೇಗ ಹಾಲು ತಗೊಂಡರೆ ಅರ್ಧ ಜನರ ತೊಂದರೆ ಮುಗಿಯುತ್ತದೆ.

ಫ್ರೀ ಬಸ್ಸಿನವರಿಗೆ ಉತ್ತರ ಸುಲಭ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದು ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ, ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಬಾಡಿಗೆಗೆ ಹಿಡಿದರೆ ಯಾವ ಬಸ್ಸೂ ಫ್ರೀ ಅಲ್ಲ. ರಾತ್ರಿ ಹತ್ತರ ಮೇಲೆ ಹೆಗ್ಗೋಡಿನಿಂದ ನಿಮ್ಮೂರಿಗೆ ಯಾವ ಬಸ್ಸು ಸಿಗುತ್ತದೆ ಅಂತ ಅವರನ್ನೇ ಕೇಳಿ.

ಟೀವಿ ಅಂದವರ ಕಣ್ಣ ಮುಂದೆ ಬಹುಶಃ ಟೆಂಟು ಹಾಕುವ ಕಂಪನಿ ನಾಟಕ ಇದೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ, ನಿಮ್ಮೂರಿನಂಥದ್ದೇ ಅಡಿಕೆ ತೋಟದ ಊರಿನಲ್ಲಿ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಪ್ರಶಸ್ತಿಯ ಮಾತು ತೆಗೆಯಬೇಡಿ. ದೊಡ್ಡವರ ಜಾಗ, ನಮ್ಮದಲ್ಲ ಅಂತ ಅನ್ನಿಸಿಬಿಡುತ್ತದೆ. ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು ಬಂದವರೂ ಅಲ್ಲಿ ಕೂತು ನಾಟಕ ನೋಡುತ್ತಾರೆ ಅಂತ ಹೇಳಿ. ಎಪ್ಪತ್ತರ ದಶಕದಲ್ಲೇ ಅಲ್ಲಿ ಹೊರದೇಶದ ಸಿನಿಮಾ ತೋರಿಸುತ್ತಿದ್ದರು. ನಿಮ್ಮ ಹಿರಿಯರಲ್ಲಿ ಯಾರಾದರೂ ಪ್ರಾಯದಲ್ಲಿ ಹೋಗಿ ನೋಡಿದವರು ಇದ್ದರೂ ಇರಬಹುದು. ಕೇಳಿ ನೋಡಿ. ಒಬ್ಬರು ಸಿಕ್ಕರೂ ನಿಮ್ಮ ಕೆಲಸ ಅರ್ಧ ಆದಂತೆ.

ಕೆಳದಿ ಚೆನ್ನಮ್ಮನ ಹೆಸರು ಮಾತ್ರ ಎತ್ತಬೇಡಿ. ಔರಂಗಜೇಬನ ಸೈನ್ಯವನ್ನು ಎದುರಿಸಿದ ರಾಣಿ ಅಂತ ಎಲ್ಲರೂ ತಲೆಯಾಡಿಸುತ್ತಾರೆ. ಬಸ್ಸಿನ ಮಾತು ಅಲ್ಲಿಗೇ ನಿಲ್ಲುತ್ತದೆ.

ಈಗ ನನ್ನ ಕಥೆ ಕೇಳಿ. ಸುಮಾರು ಹದಿನೈದು ವರ್ಷದ ಹಿಂದೆ ಹೆಂಡತಿಯ ತವರೂರಿನವರನ್ನು ಇದೇ ಹೆಗ್ಗೋಡಿಗೆ ಹೊರಡಿಸಿದ್ದೆ. ಹಿರಿಯರು ಒಪ್ಪಿದರು, ಆದರೆ ಒಂದು ಷರತ್ತು. ‘ಹೋಗೋದೇ ಆದ್ರೆ ಸಿಗಂದೂರಿಗೂ ಹೋಗಿ ಬರುವ.’ ದೇವರ ಹೆಸರು ಬಂದ ಮೇಲೆ ಅಳಿಯ ಬೇಡ ಅನ್ನೋದು ಹೇಗೆ? ಆಗ ಸೇತುವೆ ಇರಲಿಲ್ಲ. ಶರಾವತಿ ಹಿನ್ನೀರು ದಾಟೋಕೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಹೋಗುವಾಗ ಸಲೀಸಾಗಿ ಹೋದೆವು. ವಾಪಸ್ ಬರುವಾಗ ಭಾನುವಾರದ ಜನ. ನಮ್ಮ ಬಸ್ಸಿನ ಮುಂದೆ ಎಷ್ಟು ಗಾಡಿ ಇದೆ ಅಂತ ಒಬ್ಬರು ಅಜ್ಜಿ ಎಣಿಸುತ್ತಾ ಕೂತಿದ್ದರು. ಎಣಿಸಿ ಎಣಿಸಿ ನಿದ್ದೆ ಹೋದರು. ನಾವು ಹೆಗ್ಗೋಡು ತಲುಪಿದಾಗ ನಾಟಕದವರು ಮುಖದ ಬಣ್ಣ ಒರೆಸುತ್ತಿದ್ದರು. ಅಜ್ಜಿ ಒಳಗೆ ಹೋಗಿ ಖಾಲಿ ರಂಗ ನೋಡಿಕೊಂಡು ಬಂದು, ‘ಲೈಟೆಲ್ಲ ಚೆನ್ನಾಗಿತ್ತು’ ಅಂದರು. ಇವತ್ತಿಗೂ ಮಾವನ ಮನೆಗೆ ಹೋದರೆ ಯಾರಾದರೊಬ್ಬರು ಲೈಟಿನ ಮಾತು ತೆಗೆಯುತ್ತಾರೆ.

ತಪ್ಪು ಲಾಂಚಿನದ್ದಲ್ಲ, ನನ್ನದು. ಹೂಂ ಅನ್ನಿಸಿಕೊಳ್ಳೋ ಆತುರದಲ್ಲಿ ಗಂಟೆಯ ಲೆಕ್ಕ ಹಾಕಲಿಲ್ಲ. 2025ರ ಜುಲೈನಲ್ಲಿ ಸೇತುವೆ ಆಯಿತು, ಈಗ ಲಾಂಚಿಗೆ ಕಾಯುವುದಿಲ್ಲ. ದರ್ಶನದ ಸಾಲು ಮಾತ್ರ ಹಾಗೇ ಇದೆ. ನಿಮ್ಮವರೂ ಸಿಗಂದೂರು ಅನ್ನಬಹುದು. ಅವರು ಅನ್ನೋ ಮುಂಚೆ ನೀವೇ ‘ಹೋಗ್ತಾ ಇಕ್ಕೇರಿಗೆ ಹೋಗ್ತೀವಿ’ ಅಂದುಬಿಡಿ. ಅಘೋರೇಶ್ವರ ದೇವಸ್ಥಾನ ಸಾಗರದ ಪಕ್ಕದಲ್ಲೇ ಇದೆ. ಕೈಮುಗಿದು, ಎದುರಿನ ಮಂಟಪದ ದೊಡ್ಡ ನಂದಿಯನ್ನು ನೋಡಿ ಮುಕ್ಕಾಲು ಗಂಟೆಯಲ್ಲಿ ಹೊರಡಬಹುದು. ಹಾಗೆ ಮಾಡುವುದಾದರೆ ಊರು ಬಿಡುವುದು ಮೂರಕ್ಕೇ. ಹಾಲಿನ ಲೆಕ್ಕ ಇನ್ನೊಮ್ಮೆ ಹಾಕಿ.

‘ಜೊತೆಗೆ ಇಬ್ಬರು ಗಂಡಸರು ಬರಲಿ’ ಅಂದರೆ ಆಯ್ತು ಅನ್ನಿ. ಟೀವಿ ಅಂದವರನ್ನೇ ಕರೆಯಿರಿ. ಡ್ರೈವರ್ ಪಕ್ಕದ ಸೀಟು ಕೊಡಿ. ದುಡ್ಡು ಮಾತ್ರ ಎಲ್ಲರ ಹಾಗೇ ಅವರೂ ಕೊಡಲಿ.

ದಿನ ಗಟ್ಟಿ ಮಾಡುವ ಮುಂಚೆ ಹೆಗ್ಗೋಡಿಗೆ ಫೋನ್ ಮಾಡಿ ಯಾವತ್ತು ಯಾವ ನಾಟಕ, ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಭೂಮಿ ಹುಣ್ಣಿಮೆ ಯಾವತ್ತು ಬರುತ್ತದೆ ಅಂತಲೂ ಪಂಚಾಂಗ ನೋಡಿ. ನಿಮ್ಮಲ್ಲಿ ಆ ಹಬ್ಬದ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವವರಿದ್ದರೆ ಆ ವಾರ ಅವರು ಬಸ್ಸು ಹತ್ತುವುದಿಲ್ಲ.