ಬೀಗದ ಕೈ ಇಡುವ ಜಾಗ

ನಮಸ್ಕಾರ.

ನೀವು ಕಳಿಸಿದ ‘ಬೆನ್ನಿಗೆ ಇರಿದವಳು’ ಪ್ರಬಂಧವನ್ನು ಎರಡು ಸಲ ಓದಿದೆ. ಹನ್ನೆರಡು ವರ್ಷಗಳಿಂದ ಗೆಳತಿಯಾಗಿದ್ದವಳಿಗೆ, ಅವಳೊಬ್ಬಳಿಗೇ ಅಂತ ಹೇಳಿಕೊಂಡ ಕಾಯಿಲೆಯ ವಿಷಯ ಆಫೀಸಿನ ತುಂಬ ಹರಡಿದ್ದು, ಆಮೇಲೆ ನೀವು ಕೆಲಸ ಬಿಟ್ಟದ್ದು. ಇಷ್ಟು ಸಂಗತಿ, ಒಂಬತ್ತು ಪುಟ. ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪಿಲ್ಲ, ಓದಿಸಿಕೊಂಡು ಹೋಗುತ್ತದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಸಾಮಾನ್ಯವಾಗಿ ಇಂಥ ಮಾತನ್ನು ಎರಡು ಸಾಲಲ್ಲಿ ಮುಗಿಸುತ್ತೇನೆ. ನಿಮಗೆ ಇಷ್ಟುದ್ದ ಬರೆಯುತ್ತಿರುವುದು ಆರನೇ ಪುಟದ ಒಂದು ಸಾಲಿನಿಂದಾಗಿ. ಅದಕ್ಕೆ ಆಮೇಲೆ ಬರುತ್ತೇನೆ. ಸಿಟ್ಟು ಬರಿಸಿದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಿಮ್ಮ ಮೊದಲ ವಾಕ್ಯ: ‘ಅವಳು ನನಗೆ ಮಾಡಿದ ಮೋಸ, ವಂಚನೆ, ದ್ರೋಹವನ್ನು ಮರೆಯಲು ಸಾಧ್ಯವೇ?’ ಮೂರು ಪದ ಪೇರಿಸಿದರೆ ನೋವು ಮೂರು ಪಟ್ಟಾಗುತ್ತದೆ ಅಂದುಕೊಂಡಿದ್ದೀರಿ. ಅವು ಮೂರೂ ಬೇರೆ ಬೇರೆ. ಮೋಸವನ್ನು ಮುಖಪರಿಚಯ ಇಲ್ಲದವನೂ ಮಾಡಬಲ್ಲ. ತೂಕದಲ್ಲಿ ಹೊಡೆಯುವವನಿಗೆ ನೀವು ಯಾರೆಂದು ಗೊತ್ತಿರಬೇಕಿಲ್ಲ. ವಂಚನೆಯಲ್ಲಿ ನಿಮಗೆ ಸಿಗಬೇಕಾದ್ದು ತಪ್ಪಿಹೋಗಿರುತ್ತದೆ. ‘ಅವಕಾಶವಂಚಿತರು’ ಅನ್ನುವಾಗ ಆ ಅರ್ಥ ಇನ್ನೂ ಬದುಕಿದೆ. ದ್ರೋಹದ ಗುಣವೇ ಬೇರೆ. ಅದು ಯಾವ ಪದಗಳ ಜೊತೆ ಕೂಡುತ್ತದೆ ನೋಡಿ: ಮಿತ್ರದ್ರೋಹ, ಗುರುದ್ರೋಹ, ಸ್ವಾಮಿದ್ರೋಹ, ದೇಶದ್ರೋಹ. ಅದರ ಮುಂದೆ ಒಂದು ಸಂಬಂಧ ನಿಂತಿರಲೇಬೇಕು. ಹಾಗಿದ್ದ ಮೇಲೆ ದ್ರೋಹದ ಬಗ್ಗೆ ಬರೆಯುವವರು ಆ ಸಂಬಂಧವನ್ನು ಮೊದಲು ಬರೆಯಬೇಕಲ್ಲವೇ? ನಿಮ್ಮ ಒಂಬತ್ತು ಪುಟದಲ್ಲಿ ಹನ್ನೆರಡು ವರ್ಷದ ಗೆಳೆತನಕ್ಕೆ ಸಿಕ್ಕಿದ್ದು ‘ನಾವು ಪ್ರಾಣಸ್ನೇಹಿತೆಯರಾಗಿದ್ದೆವು’ ಎಂಬ ಎರಡು ಪದ.

ಎರಡನೇ ವಾಕ್ಯ: ‘ನನ್ನ ವಿಶ್ವಾಸ ನುಚ್ಚುನೂರಾಯಿತು.’ ವಿಶ್ವಾಸವನ್ನು ಗಾಜಿನ ಪಾತ್ರೆಯಂತೆ ಒಡೆದು ಮುಂದೆ ಹೋಗಿಬಿಟ್ಟಿರಿ. ಆ ಪದದೊಳಗಿನ ಧಾತು ‘ಶ್ವಸ್’, ಅಂದರೆ ಉಸಿರಾಡು. ಶ್ವಾಸ, ನಿಶ್ವಾಸ ಎಲ್ಲ ಅದೇ ಬಳಗ. ಅಳುಕಿಲ್ಲದೆ ನಿರಾಳವಾಗಿ ಉಸಿರಾಡುವುದಕ್ಕೆ ವಿಶ್ವಾಸ ಅಂದರು. ಗೆಳತಿಯ ಎದುರು ನೀವು ಹಾಗೆ ಉಸಿರುಬಿಟ್ಟ ಒಂದು ಸಂಜೆ ಇದ್ದಿರಲೇಬೇಕು. ಕಾಯಿಲೆಯ ವಿಷಯ ಹೇಳಿದ ಸಂಜೆಯೇ ಇರಬಹುದು. ಅವತ್ತು ಎಲ್ಲಿ ಕೂತಿದ್ದಿರಿ? ನೀವು ಹೇಳಿ ಮುಗಿಸಿದ ಮೇಲೆ ಅವಳು ಏನು ಮಾಡಿದಳು? ನೀವು ಬರೆದಿರುವುದು ‘ಅವಳಿಗೆ ಎಲ್ಲವನ್ನೂ ಹೇಳಿಕೊಂಡೆ’ ಅಂತ ಮಾತ್ರ.

ಮೂರನೆಯದು, ಬೆನ್ನಿನ ಚೂರಿ. ಶೀರ್ಷಿಕೆಯಲ್ಲಿ ಒಮ್ಮೆ, ಒಳಗೆ ನಾಲ್ಕು ಸಲ. ಬಳಸಿ ಬಳಸಿ ಅದು ಈಗ ಯಾರ ಚರ್ಮವನ್ನೂ ಗೀರುವುದಿಲ್ಲ. ನಮ್ಮಲ್ಲಿ ‘ಎರಡು ಬಗೆಯುವುದು’ ಅನ್ನುವ ಮಾತಿದೆ. ಬಗೆ ಅಂದರೆ ಮನಸ್ಸು, ಎಣಿಕೆ. ಒಂದೇ ಎದೆಯಲ್ಲಿ ಎರಡು ಎಣಿಕೆ. ಇದರಲ್ಲಿ ರಕ್ತ ಕಾಣುವುದಿಲ್ಲ, ಆದರೆ ಆ ಗೆಳತಿಯ ಒಳಗೆ ಇಣುಕಲು ಒಂದು ಕಿಂಡಿ ಇದೆ. ನೀವು ಒಮ್ಮೆಯೂ ಇಣುಕಲಿಲ್ಲ.

ನಾಲ್ಕನೇ ಪುಟಕ್ಕೆ ಬಂದಾಗ ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಎದ್ದು ಓಡಾಡಿದೆ. ‘ವಿಭೀಷಣ, ಬ್ರೂಟಸ್, ಮೀರ್ ಜಾಫರ್ ಸಾಲಿಗೆ ಇವಳೂ ಸೇರಿದಳು’ ಎಂದಿದ್ದೀರಿ. ವಿಭೀಷಣ ಅಣ್ಣನಿಗೆ ತುಂಬಿದ ಸಭೆಯಲ್ಲೇ ಬುದ್ಧಿ ಹೇಳಿ, ಬೈಸಿಕೊಂಡು, ಎಲ್ಲರ ಕಣ್ಣೆದುರೇ ಹೊರಟುಹೋದವನು. ಬ್ರೂಟಸ್ ರೋಮಿನ ಅಂತರ್ಯುದ್ಧದಲ್ಲಿ ಸೀಸರನ ಎದುರುಪಕ್ಷದಲ್ಲಿದ್ದ, ಸೋತ ಮೇಲೆ ಸೀಸರ್ ಅವನನ್ನು ಕ್ಷಮಿಸಿ ಹತ್ತಿರ ಇಟ್ಟುಕೊಂಡ, ಕ್ರಿ.ಪೂ. 44ರಲ್ಲಿ ಇರಿದವರ ಗುಂಪಿನಲ್ಲಿ ಅವನಿದ್ದ. ಮೀರ್ ಜಾಫರ್ 1757ರಲ್ಲಿ ಪ್ಲಾಸಿಯಲ್ಲಿ ಯಾರನ್ನೂ ಇರಿಯಲಿಲ್ಲ. ಬಂಗಾಳದ ನವಾಬನ ಸೇನೆಯ ದೊಡ್ಡ ಪಾಲು ಅವನ ಕೈಯಲ್ಲಿತ್ತು, ಅದನ್ನಿಟ್ಟುಕೊಂಡು ಇಂಗ್ಲಿಷರ ಎದುರು ಸುಮ್ಮನೆ ನಿಂತ. ಈ ಮೂವರನ್ನು ಒಂದೇ ಹಗ್ಗಕ್ಕೆ ಕಟ್ಟಬೇಡಿ. ನಿಮ್ಮ ಗೆಳತಿ ಇವರಲ್ಲಿ ಯಾರ ಹಾಗೆ? ಏಳನೇ ಪುಟದಲ್ಲಿ ನೀವೇ ಅರ್ಧ ವಾಕ್ಯ ಬರೆದಿದ್ದೀರಿ: ಊಟದ ಹೊತ್ತಿನಲ್ಲಿ ಯಾರೋ ನಿಮ್ಮ ಕಾಯಿಲೆಯನ್ನು ಆಡಿಕೊಂಡು ನಕ್ಕಾಗ ‘ಅವಳು ತಲೆ ತಗ್ಗಿಸಿ ಕೂತಿದ್ದಳು’. ಅವಳು ಬಾಯಿಬಿಟ್ಟಿದ್ದಕ್ಕಿಂತ ಅವತ್ತು ಬಾಯಿ ಮುಚ್ಚಿ ಕೂತದ್ದೇ ನಿಮ್ಮನ್ನು ಮುರಿಯಿತು ಅಂತ ನನಗನ್ನಿಸಿತು. ಅಲ್ಲಿ ನೀವು ನಿಲ್ಲಲೇ ಇಲ್ಲ, ಮುಂದಿನ ಸಾಲಿಗೇ ಮತ್ತೆ ಚೂರಿ.

ಪುರಾಣದ ಆಸರೆ ಬೇಕೇ ಬೇಕೆಂದರೆ ದ್ರೋಣನ ಸಾವನ್ನು ನೋಡಿ. ಮಗ ಸತ್ತನೆಂದು ಭೀಮ ಕೂಗಿದರೂ ಅವನು ನೆಚ್ಚಲಿಲ್ಲ, ಧರ್ಮರಾಯನನ್ನು ಕೇಳಿದ. ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿಯೂ ಆನೆಯೆಂಬುದನ್ನು ಮೆಲ್ಲಗೂ ಹೇಳಿದ. ಅಷ್ಟು ಕಾಲ ಆಡಿಕೊಂಡು ಬಂದ ಸತ್ಯವೇ ಆ ಒಂದು ಸುಳ್ಳಿಗೆ ಬಲ ಕೊಟ್ಟಿತು. ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದ್ದ ಅವನ ರಥ ಆಗ ನೆಲ ಮುಟ್ಟಿತಂತೆ. ಮೇಲಿದ್ದದ್ದು ಗೊತ್ತಿರುವುದರಿಂದಲೇ ಇಳಿದದ್ದು ನಮ್ಮನ್ನು ತಟ್ಟುತ್ತದೆ. ನಿಮ್ಮ ಗೆಳತಿಯ ರಥವನ್ನು ನೀವು ಮೊದಲ ಪುಟದಿಂದಲೇ ಕೆಸರಿನಲ್ಲಿ ನಿಲ್ಲಿಸಿದ್ದೀರಿ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ನಾನೂ ಇಂಥದ್ದೊಂದು ಬರೆದಿದ್ದೆ. ಒಂದೇ ಕೋಣೆಯಲ್ಲಿದ್ದ ಗೆಳೆಯ. ನಮ್ಮಪ್ಪನ ಬಗ್ಗೆ ರಾತ್ರಿ ಅವನಿಗೆ ಹೇಳಿಕೊಂಡದ್ದನ್ನು ನಾಲ್ಕು ಜನರ ನಡುವೆ ಆಡಿದ. ಕಥೆಯನ್ನು ಒಂದು ಮಾಸಪತ್ರಿಕೆಯ ಹಿರಿಯ ಸಂಪಾದಕರಿಗೆ ಕೊಟ್ಟೆ. ಅವರು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದರು. ‘ದ್ರೋಹಿ’ ಬಂದಾಗಲೆಲ್ಲ ನಿಲ್ಲಿಸಿ ಪೆನ್ಸಿಲಿನಿಂದ ಸುತ್ತು ಹಾಕಿದರು. ಹನ್ನೊಂದು ಸುತ್ತು. ಕೊನೆಗೆ ಕೇಳಿದ್ದು ಇಷ್ಟೇ: ‘ಅಲ್ಲಯ್ಯಾ, ಇವನಿಗೇ ಯಾಕೆ ಹೇಳಿದೆ?’ ನನಗೆ ಉತ್ತರ ಹೊಳೆಯಲಿಲ್ಲ. ಹಸ್ತಪ್ರತಿಯನ್ನು ಮಡಚಿ ವಾಪಸು ಕೊಟ್ಟರು.

ಆ ಪ್ರಶ್ನೆ ಇಟ್ಟುಕೊಂಡು ಮತ್ತೆ ಬರೆಯಲು ಕೂತಾಗ ನೆನಪಾದದ್ದು ನನಗೆ ಜ್ವರ ಬಂದ ಮೂರು ರಾತ್ರಿ. ಅವನು ಓದುವವನ ಹಾಗೆ ಪುಸ್ತಕ ಹಿಡಿದು, ದೀಪ ಆರಿಸದೆ, ಬೆಳಗಿನ ತನಕ ಎಚ್ಚರವಿದ್ದ. ಅದನ್ನು ಬರೆದ ಮೇಲೆ ಅವನ ಮೇಲಿನ ಸಿಟ್ಟೇನೂ ಇಳಿಯಲಿಲ್ಲ, ಸಂಕಟ ಮಾತ್ರ ಹೆಚ್ಚಾಯಿತು. ಇನ್ನೂ ಬರೆಯುತ್ತ ಹೋದಾಗ, ಅವನು ನನಗೊಬ್ಬನಿಗೇ ತೋರಿಸಿದ್ದ ಒಂದು ಪತ್ರದ ಸಂಗತಿಯನ್ನು ಅದಕ್ಕೂ ಮೊದಲೇ ನಾನು ಇನ್ನೊಬ್ಬರ ಹತ್ತಿರ ಆಡಿದ್ದು ಎದುರು ಬಂದು ನಿಂತಿತು. ಅದನ್ನೂ ಬರೆದೆ. ಅಚ್ಚಾಗುವ ಹೊತ್ತಿಗೆ ಕಥೆಯಲ್ಲಿ ‘ದ್ರೋಹಿ’ ಒಂದೂ ಉಳಿದಿರಲಿಲ್ಲ. ಅವನಿಗೊಂದು ಪ್ರತಿ ಕಳಿಸಬೇಕೆಂದುಕೊಂಡೆ, ಕಳಿಸಲಿಲ್ಲ. ಈಗ ಅವನಿಲ್ಲ.

ನಿಮ್ಮದೂ ತಪ್ಪಿರಬೇಕು ಅಂತ ಇದನ್ನು ಹೇಳುತ್ತಿಲ್ಲ. ಇಲ್ಲದೇ ಇರಬಹುದು. ‘ಇವಳಿಗೇ ಯಾಕೆ ಹೇಳಿದೆ’ ಅನ್ನುವ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ, ಅಷ್ಟೇ.

ಆರನೇ ಪುಟದ ಆ ಸಾಲು: ‘ನಾನು ಬೀಗದ ಕೈ ಎಲ್ಲಿಡುತ್ತೇನೆಂಬುದು ಅವಳಿಗೆ ಗೊತ್ತಿತ್ತು.’ ಅಷ್ಟೊಂದು ಬೈಗುಳಗಳ ನಡುವೆ ಅದು ಹೇಗೋ ಉಳಿದುಕೊಂಡಿದೆ. ಓದಿದಾಗ ಎದೆ ಹಿಂಡಿತು. ಪ್ರಬಂಧವನ್ನು ಅಲ್ಲಿಂದ ಶುರುಮಾಡಿ. ಅವಳೇ ಬಾಗಿಲು ತೆಗೆದು ಒಳಗೆ ಕೂತು ನಿಮ್ಮ ದಾರಿ ಕಾದ ದಿನಗಳಿದ್ದರೆ ಬರೆಯಿರಿ. ಎಲ್ಲ ಆದ ಮೇಲೆ ಆ ಜಾಗ ಬದಲಾಯಿಸಿದಿರಾ, ಇವತ್ತಿಗೂ ಬೀಗದ ಕೈಯನ್ನು ಅಲ್ಲೇ ಇಡುತ್ತೀರಾ? ಒಂಬತ್ತು ಪುಟದಲ್ಲಿ ಅದು ಎಲ್ಲೂ ಇಲ್ಲ. ಒಂದೆರಡು ತಿಂಗಳು ತೆಗೆದುಕೊಂಡು ಮತ್ತೆ ಕಳಿಸಿ. ನಾನೇ ಓದುತ್ತೇನೆ.