ಮುದ್ದೆ ಕೋಲು ಪ್ಯಾರಿಸ್‌ಗೆ ಹೋದದ್ದು: ಓದುಗರ ಪ್ರಶ್ನೆ, ರೀಲರ್ ಉತ್ತರ

ಹೋದ ತಿಂಗಳು ಇಲ್ಲಿ ನನ್ನ ಯುರೋಪ್ ಪ್ರವಾಸದ ಬಗ್ಗೆ ಎರಡು ಪುಟ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದನ್ನು ಓದದವರಿಗೆ ಹೇಳುತ್ತೇನೆ: ನಾನು ಶಿಡ್ಲಘಟ್ಟದ ರೀಲರ್. ಮೂವತ್ತು ವರ್ಷದಿಂದ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದೇ ಕೆಲಸ. ಮಗಳು ಫ್ರಾನ್ಸ್‌ನ ಲಿಯೋನ್ ಊರಲ್ಲಿ ಓದುತ್ತಿದ್ದಾಳೆ. ಅವಳ ಕಾಟಕ್ಕೆ ಹೋದ ವರ್ಷ ಜೂನ್‌ನಲ್ಲಿ ನಾನೂ ನಮ್ಮ ಮನೆಯವರೂ 18 ದಿನ ಪ್ಯಾರಿಸ್, ಲಿಯೋನ್, ಇಟಲಿಯ ಮಿಲಾನ್, ಕೊಮೊ ಸುತ್ತಿ ಬಂದೆವು. ಪತ್ರಗಳಲ್ಲಿ ಒಂದಷ್ಟಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನಾನು ಕಿರಾಣಿ ಅಂಗಡಿ ಇಟ್ಟವನು. ಸಂಬಳದ ಚೀಟಿ ಇಲ್ಲ. ನಮ್ಮಂಥವರಿಗೆ ವೀಸಾ ಕೊಡ್ತಾರಾ?
ಚಿಂತಾಮಣಿಯ ಓದುಗರು

ಕೊಡುತ್ತಾರೆ, ಆದರೆ ಕಾಗದ ಸರಿ ಇರಬೇಕು. ಷೆಂಗೆನ್ ವೀಸಾ ಒಂದು ಸಿಕ್ಕರೆ ಯುರೋಪಿನ 29 ದೇಶಕ್ಕೆ ನಡೆಯುತ್ತದೆ. ಇಂಗ್ಲೆಂಡ್ ಅದರಲ್ಲಿ ಸೇರಿಲ್ಲ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶದ ಮೂಲಕವೇ ಅರ್ಜಿ ಹಾಕಬೇಕು. ನಮ್ಮದು ಫ್ರಾನ್ಸ್ ಆಯ್ತು. ದೊಡ್ಡವರಿಗೆ 90 ಯೂರೊ ಶುಲ್ಕ, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೊ ಆಸ್ಪತ್ರೆ ಖರ್ಚು ಕಟ್ಟಿಕೊಡುವ ಪ್ರವಾಸದ ವಿಮೆಯೂ ಬೇಕು. ಹೊರಡುವುದಕ್ಕೆ 6 ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಹೋಗುವವರು ಬೇಗ ಹಾಕಿ.

ನನಗೆ ತಲೆನೋವಾದದ್ದು ಬ್ಯಾಂಕ್ ಸ್ಟೇಟ್‌ಮೆಂಟ್. ರೀಲರ್ ಖಾತೆ ಹೇಗಿರುತ್ತದೆ ಅಂತ ನಮ್ಮೂರವರಿಗೆ ಗೊತ್ತು. ಬೆಳಿಗ್ಗೆ ಗೂಡಿನ ಹರಾಜಿಗೆ ಎರಡು ಲಕ್ಷ ಹೋಗುತ್ತದೆ, ನೂಲು ಮಾರಿದ ದಿನ ಮತ್ತೆ ಬರುತ್ತದೆ. ನೋಡಿದವರಿಗೆ ಇವನೇನೋ ಜೂಜುಕೋರ ಅನ್ನಿಸಬೇಕು. ನಮ್ಮ ಆಡಿಟರ್ ಒಂದು ಉಪಾಯ ಹೇಳಿದರು. ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಒಂದೇ ಪುಟದಲ್ಲಿ ಬರೆದು, ರೀಲಿಂಗ್ ಲೈಸೆನ್ಸ್ ಮತ್ತು ಮೂರು ವರ್ಷದ ತೆರಿಗೆ ಕಾಗದದ ಜೊತೆ ಇಟ್ಟೆವು. ವೀಸಾ ಬಂತು. ನೀವೂ ಅಂಗಡಿ ಲೈಸೆನ್ಸ್ ಜೊತೆ ಹಾಗೊಂದು ಪುಟ ಬರೆದಿಡಿ. ಅರ್ಜಿ ಹಾಕುವ ವಾರ ಯಾರದೋ ದುಡ್ಡು ತಂದು ಖಾತೆಗೆ ತುಂಬಬೇಡಿ, ಅದು ಎದ್ದು ಕಾಣುತ್ತದೆ.

ನಮ್ಮ ಯಜಮಾನರಿಗೆ ಮುದ್ದೆ ಇಲ್ಲದೆ ಒಂದು ದಿನ ಆಗಲ್ಲ. ಊಟಕ್ಕೆ ಏನು ಮಾಡಿದ್ರಿ?
ಗುಡಿಬಂಡೆಯ ಓದುಗರು

ನಾನೂ ನಿಮ್ಮ ಯಜಮಾನರ ಜಾತಿಯವನೇ. ನಮ್ಮ ಮನೆಯವರು 4 ಕೆ.ಜಿ. ರಾಗಿ ಹಿಟ್ಟು, ಸಾರಿನ ಪುಡಿ, ಹುರುಳಿಕಾಳು ಕಟ್ಟಿಕೊಂಡರು. ತುಪ್ಪ ಮಾತ್ರ ಬಿಟ್ಟು ಬಂದೆವು. ಹಾಲಿನ ಪದಾರ್ಥ, ಮಾಂಸ ಒಳಗೆ ತರುವ ಹಾಗಿಲ್ಲ. ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದ ಅಧಿಕಾರಿ ಹಿಟ್ಟನ್ನು ಕೇಳಲೇ ಇಲ್ಲ, ಮುದ್ದೆ ಕೋಲು ಹಿಡಿದು ನಿಂತ. ಇದು ಯಾರಿಗೆ ಹೊಡೆಯೋದಕ್ಕೆ ಅನ್ನೋ ಹಾಗೆ ನೋಡಿದ. ನಮ್ಮ ಮನೆಯವರು ಗಾಳಿಯಲ್ಲೇ ಮುದ್ದೆ ತಿರುವಿ ತೋರಿಸಿದರು. ನಕ್ಕು ಕಳಿಸಿದ.

ಒಂದು ಎಚ್ಚರಿಕೆ. ಅಲ್ಲಿ ಬಾಡಿಗೆ ಮನೆಗಳಲ್ಲಿ ಗಾಜಿನ ಮೇಲ್ಮೈಯ ಕರೆಂಟ್ ಒಲೆ. ಕೋಲು ಹಾಕಿ ತಿರುವಿದರೆ ಪಾತ್ರೆ ಸರ್ರನೆ ಜಾರುತ್ತದೆ. ಒಬ್ಬರು ಪಾತ್ರೆ ಹಿಡಿಯಬೇಕು, ಒಬ್ಬರು ತಿರುವಬೇಕು. 18 ದಿನ ಪಾತ್ರೆ ಹಿಡಿದವನು ನಾನು.

ಪ್ಯಾರಿಸ್‌ನ ಗಾರ್ ದ್ಯು ನಾರ್ ರೈಲು ನಿಲ್ದಾಣದ ಹಿಂದೆ ಲಾ ಷಾಪೆಲ್ ಅಂತ ಬಡಾವಣೆ ಇದೆ. ಶ್ರೀಲಂಕಾ ತಮಿಳರ ಅಂಗಡಿ ಸಾಲು. ನುಗ್ಗೆಕಾಯಿ, ಕರಿಬೇವು, ದೋಸೆ ಎಲ್ಲಾ ಸಿಗುತ್ತದೆ. ಫ್ರಾನ್ಸ್‌ನ ಹೋಟೆಲಿನಲ್ಲಿ ನೀರಿಗೆ ದುಡ್ಡು ಕೊಡಬೇಡಿ. ಊಟದ ಜೊತೆ ‘ಕರಾಫ್ ದೊ’ ಅಂತ ಕೇಳಿ, ಹೂಜಿಯಲ್ಲಿ ನಲ್ಲಿ ನೀರು ಪುಕ್ಕಟೆ ತಂದಿಡುತ್ತಾರೆ. ನಾನು ಫ್ರೆಂಚ್‌ನಲ್ಲಿ ಕಲಿತದ್ದು ಇದೊಂದೇ.

ಐಫೆಲ್ ಗೋಪುರ ಹತ್ತಿದ್ರಾ ಅಂಕಲ್?
8ನೇ ತರಗತಿ ವಿದ್ಯಾರ್ಥಿನಿ, ಶಿಡ್ಲಘಟ್ಟ

ಹತ್ತಿದೆ ಪುಟ್ಟಿ. ಲಿಫ್ಟ್ ಸಾಲು ಉದ್ದ ಇತ್ತು ಅಂತ ಎರಡನೇ ಅಂತಸ್ತಿನವರೆಗೆ ಮೆಟ್ಟಿಲಲ್ಲೇ ಹೋದೆ. 674 ಮೆಟ್ಟಿಲು. ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟ ಹತ್ತಿ ಅಭ್ಯಾಸವಾದ ಕಾಲು, ಏನೂ ಅನ್ನಿಸಲಿಲ್ಲ. ಮೇಲಿನ ಗಾಳಿ ಮಾತ್ರ ನಂದಿಯದೇ ಚೆನ್ನ.

ರೇಷ್ಮೆ ಜನ ಯುರೋಪ್‌ಗೆ ಹೋಗಿ ನೋಡುವಂಥದ್ದು ಏನಿದೆ? ಲೇಖನದಲ್ಲಿ ಲಿಯೋನ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೀರಿ.
ಹಿಪ್ಪುನೇರಳೆ ಬೆಳೆಗಾರರು, ಬಾಗೇಪಲ್ಲಿ ತಾಲ್ಲೂಕು

ಒಪ್ಪಿದೆ, ತಪ್ಪಾಯಿತು. ಪ್ಯಾರಿಸ್‌ಗೇ ಜಾಗ ಮುಗಿದಿತ್ತು. ನಿಜ ಹೇಳಬೇಕೆಂದರೆ ಪ್ಯಾರಿಸ್ ನನಗೆ ಅಷ್ಟು ಹಿಡಿಸಲಿಲ್ಲ. ಅಲ್ಲಿ ಎಲ್ಲರೂ ನೋಡಿದ್ದನ್ನೇ ನಾನೂ ನೋಡಿದೆ. ಲಿಯೋನ್‌ನಲ್ಲಿ ಹಾಗಲ್ಲ.

ಆ ಊರಲ್ಲಿ ಎರಡು ಗುಡ್ಡ. ಒಂದರ ಮೇಲೆ ದೊಡ್ಡ ಚರ್ಚು. ಇನ್ನೊಂದು ಕ್ರೂಆ ರೂಸ್, ನೇಕಾರರ ಗುಡ್ಡ. ಒಂದು ಪ್ರಾರ್ಥನೆ ಮಾಡೋ ಗುಡ್ಡ, ಇನ್ನೊಂದು ದುಡಿಯೋ ಗುಡ್ಡ ಅಂತ ಅಲ್ಲಿಯವರ ಮಾತು. ದುಡಿಯೋ ಗುಡ್ಡದ ಮನೆಗಳ ಚಾವಣಿ ಸುಮಾರು 4 ಮೀಟರ್ ಎತ್ತರ. ಶ್ರೀಮಂತಿಕೆ ಅಲ್ಲ, ಜಕಾರ್ಡ್ ಮಗ್ಗ ಹಿಡಿಸಲಿ ಅಂತ. ದೊಡ್ಡಬಳ್ಳಾಪುರದ ನೇಕಾರರು ದಿನಾ ಬಾಯಲ್ಲಿ ಹೇಳುವ ಜಕಾರ್ಡ್ ಒಬ್ಬ ಮನುಷ್ಯನ ಹೆಸರು ಅಂತ ನನಗೆ ಗೊತ್ತಾದದ್ದು ಅಲ್ಲೇ. ಜೋಸೆಫ್ ಮರಿ ಜಕಾರ್ಡ್, ಲಿಯೋನ್‌ನವನು. ರಟ್ಟಿಗೆ ತೂತು ಹೊಡೆದು ಸೀರೆಯ ಹೂವು ಮೂಡಿಸುವ ಮಗ್ಗವನ್ನು 1804ರಲ್ಲಿ ಮಾಡಿದ. ಆ ಗುಡ್ಡದ ಮೇಲೆ ಅವನ ಪ್ರತಿಮೆ ಇದೆ. ನೂಲು ತೆಗೆಯುವ ಘಟಕಕ್ಕೆ ನಾವು ಫಿಲೇಚರ್ ಅಂತೀವಲ್ಲ, ಅದೂ ಫ್ರೆಂಚರ ಮಾತೇ.

ಮನೆಗಳ ನಡುವೆ, ಒಂದು ಬೀದಿಯಲ್ಲಿ ಒಳಗೆ ಹೋಗಿ ಇನ್ನೊಂದು ಬೀದಿಯಲ್ಲಿ ಹೊರಗೆ ಬರುವ ಓಣಿಗಳಿವೆ. ಟ್ರಾಬೂಲ್ ಅಂತಾರೆ. ಮಳೆಯಲ್ಲಿ ಬಟ್ಟೆ ನೆನೆಯದ ಹಾಗೆ ಸಾಗಿಸೋಕೆ ನೇಕಾರರು ಇವುಗಳಲ್ಲಿ ಓಡಾಡುತ್ತಿದ್ದರು. ಕೆಲವು ಇಂದಿಗೂ ತೆರೆದಿವೆ, ಜನ ವಾಸ ಇದ್ದಾರೆ, ಮಾತು ಮೆಲ್ಲಗಿರಲಿ. 1831ರಲ್ಲಿ ನೇಕಾರರು ಕೂಲಿಗೆ ಒಂದು ದರ ಗೊತ್ತುಮಾಡಿ ಅಂತ ದಂಗೆ ಎದ್ದರು. ‘ದುಡಿದು ಬದುಕುತ್ತೇವೆ, ಇಲ್ಲ ಹೋರಾಡಿ ಸಾಯುತ್ತೇವೆ’ ಅನ್ನೋದು ಅವರ ಘೋಷಣೆ. ಮಗಳು ಅದನ್ನು ಓದಿ ಹೇಳುವಾಗ ನನಗೆ ನಮ್ಮ ಮಾರುಕಟ್ಟೆ ಗೇಟು ನೆನಪಾಯಿತು. ದರ ಬಿದ್ದ ದಿನ ಅಲ್ಲಿ ಕೇಳುವ ಮಾತೂ ಹೆಚ್ಚುಕಡಿಮೆ ಅದೇ.

ನೇಕಾರರ ಮ್ಯೂಸಿಯಂನಲ್ಲಿ ಒಂದು ಬುಟ್ಟಿಯಲ್ಲಿ ಗೂಡು ಇಟ್ಟಿದ್ದರು. ಒಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದೆ. ಕೈಗೆ ಅಂಟಿದ ಅಭ್ಯಾಸ. ವಿವರಿಸುತ್ತಿದ್ದ ಹೆಂಗಸು ಮಾತು ನಿಲ್ಲಿಸಿ, ಏನು ನೋಡ್ತಿದ್ದೀರಿ ಅಂತ ಕೇಳಿದರು. ‘ಹುಳ ಚೆನ್ನಾಗಿ ಒಣಗಿದೆಯಾ ಅಂತ’ ಅಂದೆ, ಮಗಳು ಅನುವಾದಿಸಿದಳು. ಅಲ್ಲಿಂದ ಮುಂದೆ ಗುಂಪಿಗೆ ಅವರೂ ಹೇಳಿದರು, ನಾನೂ ಹೇಳಿದೆ.

ರೇಷ್ಮೆ ಹುಳಕ್ಕೆ ಬರುವ ಗಂಟು ರೋಗದ ಕಥೆ ಬಂತು. 1850ರ ದಶಕದಲ್ಲಿ ಫ್ರಾನ್ಸ್‌ನ ಹುಳು ಸಾಕಣೆಯನ್ನು ನೆಲ ಕಚ್ಚಿಸಿದ್ದು ಇದೇ ರೋಗ. 1865ರಲ್ಲಿ ವಿಜ್ಞಾನಿ ಲೂಯಿ ಪ್ಯಾಶ್ಚರ್ ಅವರನ್ನು ದಕ್ಷಿಣ ಫ್ರಾನ್ಸ್‌ಗೆ ಕಳಿಸಿದರು. ಹುಳದ ಬಗ್ಗೆ ಏನೂ ಗೊತ್ತಿಲ್ಲದ ಮನುಷ್ಯ. ಕೊನೆಗೆ ಕಂಡುಕೊಂಡ ದಾರಿ ಇದು: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಆ ಮೊಟ್ಟೆ ಸುಡು. ಬಾಗೇಪಲ್ಲಿಯವರೇ, ನಿಮಗೆ ಚಾಕಿ, ಅಂದರೆ ಎಳೆ ಹುಳ, ಬರುವ ಮೊದಲು ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಮಾಡುವುದು ಇದನ್ನೇ ಅಲ್ವಾ? ‘ನಮ್ಮ ಕಡೆ ಈಗಲೂ ಹೀಗೇ’ ಅಂದಾಗ ಆ ಹೆಂಗಸಿನ ಮುಖ ನೋಡಬೇಕಿತ್ತು. ಅವರಿಗೆ ಅದು ಇತಿಹಾಸ.

ಕೊಮೊದ ರೇಷ್ಮೆ ಮ್ಯೂಸಿಯಂ ಇನ್ನೂ ವಿಚಿತ್ರ. ಗೂಡು ಬೇಯಿಸುವ ಬೇಸಿನ್ನು, ರಾಟೆ, ಹುರಿ ಹಾಕುವ ಯಂತ್ರ, ಎಲ್ಲ ಒರೆಸಿ ಸಾಲಾಗಿ ಇಟ್ಟಿದ್ದಾರೆ. ಟಿಕೆಟ್ ತಗೊಂಡು ನನ್ನ ಕಾರ್ಖಾನೆಯನ್ನೇ ನೋಡಿ ಬಂದ ಹಾಗಾಯಿತು. ಒಂದೇ ವ್ಯತ್ಯಾಸ, ವಾಸನೆ ಇಲ್ಲ. ಶಿಡ್ಲಘಟ್ಟಕ್ಕೆ ಬಂದ ನೆಂಟರು ಮೂಗು ಮುಚ್ಚಿಕೊಳ್ಳುವ ಆ ಬೆಂದ ಹುಳದ ವಾಸನೆ. ಅದಿಲ್ಲದೆ ಬೇಸಿನ್ನು ನೋಡಿದ್ದು ಅದೇ ಮೊದಲು. ಎದೆಯೊಳಗೆ ಏನೋ ಒಂಥರಾ ಆಯಿತು. ನಮ್ಮ ಬೀದಿಯಲ್ಲೂ ಐದಾರು ಘಟಕ ಬಾಗಿಲು ಹಾಕಿವೆ.

ಕೇಳೋಕೆ ಸಂಕೋಚ. ಅಲ್ಲಿ ಶೌಚಾಲಯದಲ್ಲಿ ನೀರು ಇರುತ್ತಾ?
ಗೌರಿಬಿದನೂರಿನ ಓದುಗರು

ಸಂಕೋಚ ಯಾಕೆ, ನಮ್ಮ ಮನೆಯವರು ಮೊದಲು ಕೇಳಿದ್ದೇ ಇದು. ಫ್ರಾನ್ಸ್‌ನಲ್ಲಿ ಬರೀ ಕಾಗದ. ಒಂದು ಖಾಲಿ ಬಾಟಲಿ ಸದಾ ಚೀಲದಲ್ಲಿರಲಿ. ಇಟಲಿಯಲ್ಲಿ ಮನೆಗಳಿಗೆ ಬಿಡೆ ಅನ್ನೋ ತೊಳೆಯುವ ತೊಟ್ಟಿ ಇರಲೇಬೇಕು ಅಂತ 1975ರಿಂದ ಕಾನೂನೇ ಇದೆ. ನಮ್ಮ ಮನೆಯವರ ಲೆಕ್ಕದಲ್ಲಿ ಇಟಲಿ ಗೆದ್ದದ್ದು ಅಲ್ಲೇ. ರೈಲು ನಿಲ್ದಾಣಗಳಲ್ಲಿ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ.

ಕಳ್ಳತನ, ಮೋಸ ಏನಾದರೂ ಆಯಿತಾ?
ಚಿಕ್ಕಬಳ್ಳಾಪುರದ ಓದುಗರು

ಕಳ್ಳತನ ಇಲ್ಲ. ಪಾಸ್‌ಪೋರ್ಟ್ ನನ್ನ ಬನಿಯನ್ ಒಳಜೇಬಿನಲ್ಲಿತ್ತು. ನಷ್ಟ ಆದದ್ದು ನನ್ನ ತಪ್ಪಿನಿಂದ. ಇಟಲಿಯಲ್ಲಿ ಲೋಕಲ್ ರೈಲಿನ ಕಾಗದದ ಟಿಕೆಟ್ ತಗೊಂಡರೆ ಸಾಲದು, ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಬೇಕು. ಮಿಲಾನ್‌ನಿಂದ ಕೊಮೊಗೆ ಹೋಗುವಾಗ ಮರೆತೆ. ದಂಡ ಕಟ್ಟಿದ ದುಡ್ಡಿಗೆ ಏಳೆಂಟು ಕೆ.ಜಿ. ಗೂಡು ಬರುತ್ತಿತ್ತು.

ನೀವು ರೇಷ್ಮೆಯವರು. ಅಲ್ಲಿಂದ ರೇಷ್ಮೆ ತಂದ್ರಾ?
ಶಿಡ್ಲಘಟ್ಟದ ಓದುಗರು

ತಂದೆ, ನಗಬೇಡಿ. ಕೊಮೊದಲ್ಲಿ ಒಂದು ಸ್ಕಾರ್ಫ್. ನೀಲಿ ಬಣ್ಣ, ಮುದ್ರಣ ಮಾತ್ರ ಅದ್ಭುತ, ಬಣ್ಣ ಹಾಕುವುದರಲ್ಲಿ ಆ ಊರಿನವರಿಗೆ ಸಾಟಿ ಇಲ್ಲ. ಬೆಲೆ ಹೇಳಿದರೆ ನಮ್ಮ ಮನೆಯವರು ಈಗಲೂ ಮಾತು ಬಿಡುತ್ತಾರೆ. ಬಂದ ಮಾರನೇ ದಿನ ಅದನ್ನು ಘಟಕಕ್ಕೆ ತಗೊಂಡು ಹೋಗಿ, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ನೂಲು ತೆಗೆಯುವ ಹೆಣ್ಣುಮಗಳಿಗೆ ತೋರಿಸಿದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕಿಟಕಿ ಬೆಳಕಿಗೆ ಹಿಡಿದು, ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

‘ಚೀನಾ ನೂಲು ಅಣ್ಣ’ ಅಂದು ವಾಪಸ್ ಕೊಟ್ಟಳು.